ಟೀ ಮಾಡಿ ತೋರಿಸಿ ಅಂತ ನಾವು ಯಾಕೆ ಕೇಳ್ತೀವಿ

ಮಿದುಳಿಗೆ ಪೆಟ್ಟಾದವರ ರಿಹ್ಯಾಬ್ ವಿಭಾಗದಲ್ಲಿ ನಾನು ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಸ್ನಾನ, ಅಡುಗೆಯಂಥ ದಿನದ ಕೆಲಸಗಳನ್ನು ಮತ್ತೆ ಮಾಡಿಸಿ ಕಲಿಸುವವಳು. ವಾರ್ಡಿನಲ್ಲಿ ಎಲ್ಲರೂ ಕರೆಯುವುದು 'ಫಿಸಿಯೋ ಮೇಡಂ' ಅಂತ. ತಿದ್ದುವುದನ್ನು ಯಾವಾಗಲೋ ಬಿಟ್ಟೆ. ಮನೆಯವರು ಮೊದಲ ದಿನದಿಂದ ಕೇಳುವುದು ಒಂದೇ ಮಾತು, 'ಯಾವಾಗ ನಡೀತಾರೆ?' ಆದರೆ ಕೆಲವರು ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ.

ನಮ್ಮಲ್ಲಿಗೆ ಬರುವವರಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರು ಜಾಸ್ತಿ. ತೆಂಗಿನ ಮರದಿಂದ ಬಿದ್ದವರು, ಸ್ಟ್ರೋಕ್ ಆದವರು, ಮಿದುಳು ಜ್ವರ ಬಂದವರು, ಗಡ್ಡೆ ತೆಗೆಸಿಕೊಂಡವರೂ ಇರುತ್ತಾರೆ. ನೀರಲ್ಲಿ ಮುಳುಗಿ ಬದುಕಿದವರು, ಹೃದಯ ನಿಂತು ಮತ್ತೆ ಬಡಿದವರೂ ಬರುತ್ತಾರೆ. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷವಾದರೆ ಸಾಕು, ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ.

ಕೇಸ್ ಶೀಟಿನಲ್ಲಿ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್) ಅಂತ ಒಂದು ಅಂಕಿ ಇರುತ್ತದೆ, ರೋಗಿಗೆ ಎಷ್ಟು ಎಚ್ಚರ ಇದೆ ಅಂತ ಹೇಳುವುದು. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಮಾಡಿದ ಅಳತೆ ಅದು. 3ರಿಂದ 15ರವರೆಗೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೆಟ್ಟು ಗಂಭೀರ. 15 ಬಂತು ಅಂದರೆ ಮನೆಯವರಿಗೆ ಪರೀಕ್ಷೆ ಪಾಸಾದಷ್ಟು ಖುಷಿ. ಆದರೆ 15 ಅಂದರೆ ಕಣ್ಣು ಬಿಟ್ಟಿದ್ದಾರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡ್ತಾರೆ, ಹೇಳಿದ ಹಾಗೆ ಕೈಕಾಲು ಆಡಿಸ್ತಾರೆ, ಅಷ್ಟೇ. ಒಂದು ಕೆಲಸವನ್ನು ತಾವಾಗಿ ಮಾಡಿ ಮುಗಿಸ್ತಾರಾ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ.

ಅದಕ್ಕೇ ನಾವು ಟೀ ಮಾಡಿಸುವುದು. ಸಣ್ಣ ಕ್ಯಾಂಟೀನ್ ನಡೆಸುತ್ತಿದ್ದ ಒಬ್ಬರಿದ್ದರು. ಟೀ ಹೇಗೆ ಮಾಡ್ತೀರಿ ಅಂದರೆ ಶುಂಠಿ ಯಾವಾಗ ಜಜ್ಜಿ ಹಾಕಬೇಕು ಅನ್ನುವವರೆಗೆ ಹೇಳಿದರು. ಒಲೆ ಮುಂದೆ ನಿಲ್ಲಿಸಿದೆವು. ಪಾತ್ರೆ ಇಟ್ಟರು, ಹಾಲು ಸುರಿದರು, ಒಲೆ ಹಚ್ಚಿದರು. ಆಮೇಲೆ ಸುಮ್ನೆ ನಿಂತರು. ಟೀ ಪುಡಿ ಡಬ್ಬಿ ಕೈ ಪಕ್ಕದಲ್ಲೇ ಇತ್ತು. ಹಾಲು ಮೇಲೆ ಬಂತು. 'ಹಾಲು ಉಕ್ತಾ ಇದೆ ಅಲ್ವಾ?' ಅಂದೆ. 'ಹೌದು ಮೇಡಂ' ಅಂದರು, ನೋಡುತ್ತಲೇ ಇದ್ದರು. ಒಲೆ ಆರಿಸಿದ್ದು ನಾನು. ಬಾಗಿಲಲ್ಲಿದ್ದ ಹೆಂಡತಿ, 'ನೋಡಿ, ಮನೇಲೂ ಹೀಗೇ. ಬೇಕಂತಲೇ ಮಾಡ್ತಾರೆ' ಅಂದರು.

ಬೇಕಂತ ಅಲ್ಲ. ತಲೆ ಜೋರಾಗಿ ಬಡಿದಾಗ ಎಷ್ಟೋ ಸಲ ಮಿದುಳಿನಲ್ಲಿ ಹಣೆಯ ಹಿಂದಿರುವ ಭಾಗ ಬುರುಡೆಯೊಳಗಿನ ಒರಟು ಮೂಳೆಗೆ ತಾಗಿ ಜಜ್ಜಿಹೋಗುತ್ತದೆ. ಕೆಲಸ ಶುರು ಮಾಡುವುದು, ನಿಲ್ಲಿಸುವುದು, ಸಿಟ್ಟು ತಡೆಯುವುದು ಎಲ್ಲಕ್ಕೂ ಬೇಕಾದದ್ದು ಆ ಭಾಗವೇ. ಗೊತ್ತಿರುವುದು ಗೊತ್ತೇ ಇರುತ್ತದೆ, ಕೈ ಮಾತ್ರ ಹೊರಡುವುದಿಲ್ಲ. ಇನ್ನು ಕೆಲವರಲ್ಲಿ ಉಲ್ಟಾ. ಬಾಯಿಗೆ ಬಂದದ್ದೆಲ್ಲ ಬೈಯುತ್ತಾರೆ, ಕಂಡಕಂಡವರಿಗೆ ದುಡ್ಡು ಕೊಡುತ್ತಾರೆ. ಮೊದಲನೆಯವರಿಗೆ ಸೋಮಾರಿ ಅನ್ನುವ ಹೆಸರು, ಎರಡನೆಯವರಿಗೆ ಕೆಟ್ಟವನು ಅನ್ನುವ ಹೆಸರು.

ಮನೆಯವರಿಗೆ ನಾನು ಹೇಳುವುದು ಸಣ್ಣ ವಿಷಯಗಳು. 'ಸ್ನಾನ ಮಾಡಿ' ಅನ್ನಬೇಡಿ, 'ಟವೆಲ್ ತಗೊಳ್ಳಿ' ಅನ್ನಿ. ಅದಾದ ಮೇಲೆ ಮುಂದಿನದು. ವಸ್ತು ಇಡುವ ಜಾಗ ಬದಲಿಸಬೇಡಿ. ಮಿದುಳಿಗೆ ಪೆಟ್ಟಾದ ಮೇಲೆ ಬರುವ ಸುಸ್ತು ನಿದ್ದೆ ಮಾಡಿದರೂ ಹೋಗುವುದಿಲ್ಲ, ತಲೆಗೆ ಕೆಲಸ ಇರುವುದನ್ನು ಬೆಳಿಗ್ಗೆಯೇ ಮುಗಿಸಿ. ಸಿಟ್ಟು ಬಂದಾಗ ವಾದಕ್ಕೆ ನಿಲ್ಲಬೇಡಿ. ಮತ್ತೆ ಈ ನೆಂಟರು! ಹಾಸಿಗೆ ಸುತ್ತ ನಿಂತು 'ನಾನ್ಯಾರು ಹೇಳು ನೋಡೋಣ' ಅಂತ ಪರೀಕ್ಷೆ. ಅವರಿಗೆ ಖಡಕ್ಕಾಗಿ ಹೇಳ್ತೀನಿ: 'ನಾನು ನಿನ್ನ ದೊಡ್ಡಪ್ಪ, ನೋಡೋಕೆ ಬಂದೆ' ಅಂತ ನೀವೇ ಶುರು ಮಾಡಿ.

ನೀರು ಕುಡಿಯುವಾಗ ಕೆಮ್ಮು ಬಂದರೆ ನಿಲ್ಲಿಸಿ, ನುಂಗುವುದನ್ನು ಪರೀಕ್ಷೆ ಮಾಡಿಸಿ. ಸೋತ ಕೈ ಹಿಡಿದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದಲ್ಲ, ಮಗ್ಗುಲಿಗೆ ಮಲಗಿಸಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಅಂಗವೈಕಲ್ಯದ ಸರ್ಟಿಫಿಕೇಟ್ ವಿಚಾರ ಇನ್ನೊಂದು ತಲೆನೋವು. 2016ರ ಅಂಗವಿಕಲರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮಿದುಳಿನ ಪೆಟ್ಟಿಗೆ ಪ್ರತ್ಯೇಕ ಹೆಸರಿಲ್ಲ. ನಡಿಗೆಯೋ ಮಾತೋ ಕೆಟ್ಟಿದ್ದರೆ ಅದರಡಿ ಅರ್ಜಿ ಹಾಕಬಹುದು. ನೆಟ್ಟಗೆ ನಡೆದು ಒಳಗೆ ಬಂದವರನ್ನು ನೋಡಿ ಸರ್ಟಿಫಿಕೇಟ್ ಕೊಡುವವರು 'ಏನಾಗಿದೆ ಇವರಿಗೆ?' ಅಂತಾರೆ.

ಅದಕ್ಕೇ ಡಿಸ್ಚಾರ್ಜ್ ಹಾಳೆಯಲ್ಲಿ ಕೈಕಾಲಿನ ಬಲದ ಜೊತೆಗೆ ಟೀ ಮಾಡಿಸಿದಾಗ ಏನಾಯಿತು ಅನ್ನುವುದನ್ನೂ ಬರೆಯುತ್ತೇನೆ. ಕ್ಯಾಂಟೀನಿನವರ ಹಾಳೆಯಲ್ಲಿ ಇಷ್ಟಿತ್ತು: 'ಮುಂದಿನ ಹೆಜ್ಜೆ ಪಕ್ಕದವರು ಹೇಳಬೇಕು. ಗ್ಯಾಸ್ ಒಲೆ ಹತ್ತಿರ ಒಬ್ಬರನ್ನೇ ಬಿಡಬಾರದು. ಮೂರು ತಿಂಗಳ ನಂತರ ಮತ್ತೆ ನೋಡಬೇಕು.' ಹೆಂಡತಿ ಅದರ ಫೋಟೋ ತೆಗೆದು ಮೈದುನನಿಗೂ ಕಳಿಸಿದರು.