ಕಾಗದದ ಮೇಲೆ ಚರೆಯ ಲೆಕ್ಕ

ಟರ್ಕಿ ಕೋಳಿಯ ಬೇಟೆಯಲ್ಲಿ ಗುರಿ ಇಡಬೇಕಾದದ್ದು ಮೈಗಲ್ಲ, ತಲೆ ಮತ್ತು ಕತ್ತಿಗೆ. ಆದ್ದರಿಂದ ಚರೆಗಳು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಎಲ್ಲಿ, ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದನ್ನು ಕಾಗದದ ಮೇಲೆ ನೋಡದೆ ನಾನು ಕಾಡಿಗೆ ಹೋಗುವುದಿಲ್ಲ. ಬಂದೂಕನ್ನು ಮರಳಿನ ಚೀಲದ ಮೇಲಿಟ್ಟು, ಮೊದಲು 20 ಗಜದಿಂದ ಗುರಿ ನೇರವಾಗಿದೆಯೇ ಎಂದು ಪರೀಕ್ಷಿಸಿ, ಬಳಿಕ 40 ಗಜಕ್ಕೆ ಸರಿದು ಹಾರಿಸಿ, ಗುರಿಯಿಟ್ಟ ಚುಕ್ಕೆಯ ಸುತ್ತ 10 ಅಂಗುಲ ವ್ಯಾಸದ ವೃತ್ತ ಎಳೆದು ಅದರೊಳಗಿನ ತೂತುಗಳನ್ನು ಎಣಿಸುತ್ತೇನೆ. 100 ಸಿಕ್ಕರೆ ಸಾಕು ಎಂಬುದು ಬೇಟೆಗಾರರ ರೂಢಿಯ ಅಳತೆ. ಕಳೆದ ಸಲ ಅತ್ಯಂತ ಬಿಗಿಯಾದ ಚೋಕ್ (ಚರೆ ಚದುರದಂತೆ ನಳಿಗೆಯ ಬಾಯನ್ನು ಕಿರಿದಾಗಿಸುವ ಕೊಳವೆ) ಹಾಕಿದಾಗ 5ನೇ ನಂಬರಿನ ಗಾತ್ರದ ಸೀಸದ ಚರೆಗಳು ನಡುವೆ ಅಂಗೈಯಗಲ ಖಾಲಿ ಬಿಟ್ಟು ಚದುರಿದವು. ತುಸು ಸಡಿಲವಾದ ಚೋಕ್‌ನಲ್ಲಿ ಅದೇ ತೋಟಾ ಒಪ್ಪವಾಗಿ ಹರಡಿತು. ಹೆಗಲು ಮಾತ್ರ ಎರಡು ದಿನ ನೋಯಿತು. ಒಂದೇ ಹೊಡೆತವನ್ನು ನಂಬುವಂತಿಲ್ಲ, ಚೋಕ್ ಮತ್ತು ತೋಟಾದ ಪ್ರತಿ ಜೋಡಿಗೂ ಮೂರು ಕಾಗದವಾದರೂ ಬೇಕು.