ಸೂಜಿ ಚುಚ್ಚಿದ್ದು ಯಾಕೆ?

ಬೆಳಗ್ಗೆ ನಮ್ಮ ವಾರ್ಡಿನಲ್ಲಿ ಪಿಜಿ ಓದುತ್ತಿರುವ ಡಾಕ್ಟರ್ ಹುಡುಗಿಗೆ ಸೂಜಿ ಚುಚ್ಚಿತು. ರೋಗಿಯ ರಕ್ತ ತೆಗೆದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿದ್ದಳು. ಹಾಕಬಾರದು ಅಂತ ಅವಳಿಗೂ ಗೊತ್ತು. ನಿನ್ನೆ ಬೆಳಗ್ಗೆ ಬಂದವಳು ಇನ್ನೂ ಮನೆಗೆ ಹೋಗಿರಲಿಲ್ಲ, ಅಷ್ಟೇ.

ಗ್ಲೌಸ್ ಒಳಗೆ ಸಾಸಿವೆಯಷ್ಟು ಕೆಂಪು. ಸೋಪು ಹಚ್ಚಿ ನಲ್ಲಿ ಕೆಳಗೆ ಬೆರಳು ಹಿಡಿಸಿದೆ. ಹಿಂಡಬೇಡ ಮಾರಾಯ್ತಿ ಅಂದೆ. ಸೂಜಿಯ ರಕ್ತದಲ್ಲಿ ಸೋಂಕು ಇದ್ದರೂ ಇರಬಹುದು. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಆಮೇಲೆ 28 ದಿನ ನುಂಗಬೇಕು.

ಇವಳಂತೆ ಓದುತ್ತಲೇ ಆಸ್ಪತ್ರೆಯಲ್ಲಿ ದುಡಿಯುವ ರೆಸಿಡೆಂಟ್ ಡಾಕ್ಟರುಗಳಿಗೆ ದಿನಕ್ಕೆ ಹೆಚ್ಚೆಂದರೆ 12 ಗಂಟೆ, ವಾರಕ್ಕೆ ಸಾಮಾನ್ಯವಾಗಿ 48 ಗಂಟೆ ಡ್ಯೂಟಿ ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಯಾವ ವಾರ್ಡಲ್ಲಿ ನಡೆಯುತ್ತಿದೆ ಹೇಳಿ, ನಾನೂ ಅಲ್ಲೇ ಸೇರಿಕೊಳ್ಳುತ್ತೇನೆ.

ಸೂಜಿ ಚುಚ್ಚಿದ್ದನ್ನು ವರದಿ ಮಾಡುವ ಫಾರಂನಲ್ಲಿ ಕಾರಣ ಅನ್ನುವ ಕಡೆ 'ಅಜಾಗರೂಕತೆ' ಅಂತ ಬರೆಸಿದರು. ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದಳು ಅಂತ ಕೇಳುವ ಕಾಲಮ್ಮೇ ಅದರಲ್ಲಿಲ್ಲ. ಇರಬೇಕಲ್ವಾ?