ಗೆದ್ದವನು ನಡೆದುಕೊಂಡೇ ಹೋಗಿದ್ದ

ಸೋಮವಾರ ಬೆಳಗ್ಗೆ ಎಂಟೂವರೆ. ಮಗಳ ಒಂದು ಕೈ ಜಾಕೆಟ್‌ನ ಒಳಗೆ, ಇನ್ನೊಂದು ಹೊರಗೆ. "ಓಡೇ, ಲೇಟಾಯ್ತು" ಎಂದು ನಾನು ಬಾಗಿಲಲ್ಲೇ ಕಿರುಚುತ್ತಿದ್ದೆ. ಕಸದ ಡಬ್ಬಿ ಎಳೆದುಕೊಂಡು ಬರುತ್ತಿದ್ದ ಪಕ್ಕದ ಮನೆಯ ಅಜ್ಜ ನಿಂತರು. ಮಗಳ ಕಡೆ ಬಗ್ಗಿ, "ಓಡಬೇಡ ಮರಿ. ಗೆದ್ದವನು ನಡೆದುಕೊಂಡೇ ಹೋಗಿದ್ದ" ಎಂದರು.

ನನಗೆ ರೇಗಿತು. ಸುಮ್ನೆ ಇರಬಾರದಾ ಈ ಮನುಷ್ಯ? ಮಗಳು ಮಾತ್ರ ಅಲ್ಲೇ ನಿಂತು "ಯಾರು?" ಎಂದಳು. ಅವತ್ತು ಸ್ಕೂಲಿಗೆ ತಡವಾಗಿದ್ದು ಹೀಗೆ.

ಸಂಜೆ ಚಕ್ಕುಲಿ ಹಿಡಿದುಕೊಂಡು ಅವರ ಮನೆಗೆ ಹೋದೆವು. ಲಂಡನ್ ಪಕ್ಕದ ನಮ್ಮ ಸ್ಲೌ ಊರನ್ನು ಲಂಡನ್ ಜನ ತಮಾಷೆ ಮಾಡುವುದೇ ಜಾಸ್ತಿ. ನಾನೂ ಇದನ್ನು ಬಾಡಿಗೆ ಕಡಿಮೆ ಇರುವ ಊರು ಅಂತಷ್ಟೇ ತಿಳಿದಿದ್ದೆ. ನಾನು ದಿನಾ ಹಾದುಹೋಗುವ ಇಲ್ಲಿನ ಟ್ರೇಡಿಂಗ್ ಎಸ್ಟೇಟ್‌ನ ಶೆಡ್ಡುಗಳಲ್ಲೇ ಫೋರ್ಡ್ ಜಿಟಿ40 ಎಂಬ ರೇಸ್ ಕಾರು ತಯಾರಾಗುತ್ತಿತ್ತಂತೆ. ಅಜ್ಜ ಆಗ ಪಕ್ಕದ ಇನ್ನೊಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಊಟದ ಹೊತ್ತಲ್ಲಿ ಬಾಗಿಲ ಸಂದಿಯಿಂದ ಇಣುಕುತ್ತಿದ್ದರಂತೆ.

1963ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಇಟಲಿಯ ಫೆರಾರಿ ಕಂಪನಿಯನ್ನು ಕೊಂಡುಕೊಳ್ಳಲು ಹೊರಟಿತ್ತು. ಕೊನೆ ಗಳಿಗೆಯಲ್ಲಿ ಅದರ ಮಾಲೀಕ ಎನ್ಜೊ ಫೆರಾರಿ ಒಲ್ಲೆ ಎಂದರು. ನಿಶ್ಚಿತಾರ್ಥ ಮುರಿದ ಬೀಗರ ಹಾಗೆ ಫೋರ್ಡ್‌ನವರಿಗೆ ಹಟ ಬಂತು: ಫ್ರಾನ್ಸಿನ ಲೆ ಮಾನ್ 24 ಗಂಟೆಯ ರೇಸಿನಲ್ಲಿ ಫೆರಾರಿಯನ್ನು ಸೋಲಿಸಲೇಬೇಕು. ಆ ಹಟಕ್ಕೆ ಹುಟ್ಟಿದ್ದೇ ಈ ಕಾರು. ಎತ್ತರ 40 ಇಂಚು, ಹೆಸರಲ್ಲಿರುವ 40 ಅದೇ. ನಮ್ಮ ಅಡುಗೆಮನೆ ಕಟ್ಟೆಗಿಂತ ಒಂದು ಗೇಣು ಕೂಡ ಹೆಚ್ಚಿಲ್ಲ. 1964 ಮತ್ತು 1965ರಲ್ಲಿ ಒಂದೂ ದಡ ಮುಟ್ಟಲಿಲ್ಲ. 1966ರಲ್ಲಿ 7 ಲೀಟರ್ ಎಂಜಿನ್ ಹಾಕಿ ಮೊದಲ ಮೂರೂ ಸ್ಥಾನ ಬಾಚಿಕೊಂಡರು. 1967ರಲ್ಲೂ ಗೆದ್ದರು. ಆಮೇಲೆ ದೊಡ್ಡ ಎಂಜಿನ್‌ಗೆ ನಿಯಮ ಕಡಿವಾಣ ಹಾಕಿತು. ಫೋರ್ಡ್ ಹಿಂದೆ ಸರಿಯಿತು.

ಅಜ್ಜನಿಗೆ ಅದೆಲ್ಲ ಮುಖ್ಯವಲ್ಲ. ದುಡ್ಡಿನ ಗೆಲುವು ಎಂದು ಕೈ ಕೊಡವಿದರು. ಅವರ ಕಣ್ಣು ಅರಳಿದ್ದು ಜಾನ್ ವೈಯರ್ ಹೆಸರು ಬಂದಾಗ. ಸ್ಲೌನ ಆ ಶೆಡ್ಡನ್ನು ವಹಿಸಿಕೊಂಡು, 5 ಲೀಟರ್‌ಗಿಂತ ಚಿಕ್ಕ ಎಂಜಿನ್ನಿನ ಹಳೇ ಮಾದರಿಯನ್ನೇ ತಿದ್ದಿ ತೀಡಿ ಓಡಿಸಿದವರು ಅವರು. ತಿಳಿನೀಲಿ ಬಣ್ಣ, ನಡುವೆ ಕಿತ್ತಳೆ ಪಟ್ಟೆ. ಚಾಸಿ ನಂಬರ್ 1075. ಅದೇ ಕಾರು 1968ರಲ್ಲಿ ಗೆದ್ದಿತು, 1969ರಲ್ಲಿ ಮತ್ತೆ ಬಂತು.

ಆಗ ಲೆ ಮಾನ್‌ನಲ್ಲಿ ರೇಸ್ ಶುರುವಾಗುತ್ತಿದ್ದ ರೀತಿಯೇ ವಿಚಿತ್ರ. ಕಾರುಗಳು ರಸ್ತೆಯ ಒಂದು ಬದಿ, ಚಾಲಕರು ಎದುರು ಬದಿ. ಬಾವುಟ ಬಿದ್ದೊಡನೆ ಓಡಿಹೋಗಿ ಹತ್ತಿ ಹೊರಡಬೇಕು. ಬೆಲ್ಟ್ ಹಾಕುತ್ತಾ ಕೂರಲು ಯಾರಿಗೆ ತಾಳ್ಮೆ? 1968ರಲ್ಲಿ ಇನ್ನೊಂದು ಜಿಟಿ40 ಓಡಿಸುತ್ತಿದ್ದ ವಿಲ್ಲಿ ಮೆರೆಸ್ ಅವಸರದಲ್ಲಿ ಬಾಗಿಲು ಸರಿಯಾಗಿ ಹಾಕಲಿಲ್ಲ. ಮೊದಲ ಸುತ್ತಲ್ಲೇ ಅದು ತೆರೆದುಕೊಂಡು ಅಪಘಾತವಾಯಿತು. ಅವನು ಮತ್ತೆ ರೇಸ್ ಓಡಿಸಲಿಲ್ಲ.

ಮರುವರ್ಷ, ಆ 1075 ಓಡಿಸಲಿದ್ದ 24ರ ಹುಡುಗ ಜಾಕಿ ಇಕ್ಸ್, ಎಲ್ಲರೂ ಓಡುವಾಗ ನಡೆದ. ಸಂಜೆ ವಾಕಿಂಗ್ ಹೊರಟವನ ಹಾಗೆ. ಕೂತು, ಬೆಲ್ಟ್ ಬಿಗಿದು, ಎಲ್ಲರಿಗಿಂತ ಕೊನೆಯಲ್ಲಿ ಹೊರಟ. ಆ ಮೊದಲ ಸುತ್ತಲ್ಲೇ ಪೋರ್ಷೆ 917 ಓಡಿಸುತ್ತಿದ್ದ ಜಾನ್ ವುಲ್ಫ್ ಸತ್ತ. ಅವನು ಬೆಲ್ಟ್ ಹಾಕಿರಲಿಲ್ಲ ಎಂದೇ ವರದಿಗಳು.

ಇಕ್ಸ್ ಮತ್ತು ಜೊತೆಗಾರ ಜಾಕಿ ಆಲಿವರ್ ಸುಮಾರು 5,000 ಕಿಲೋಮೀಟರ್ ಓಡಿಸಿ ಗೆದ್ದರು. ಎರಡನೆಯವನಿಗೂ ಇವರಿಗೂ ಅಂತರ ನೂರು ಮೀಟರ್ ಚಿಲ್ಲರೆ ಅಷ್ಟೇ. ಮರುದಿನ ಪ್ಯಾರಿಸ್‌ಗೆ ಹೋಗುವ ದಾರಿಯಲ್ಲಿ ಇಕ್ಸ್‌ನ ಸ್ವಂತ ಕಾರು ಕಂಬಕ್ಕೆ ಗುದ್ದಿ ನಜ್ಜುಗುಜ್ಜಾಯಿತು. ಅವನು ಬೆಲ್ಟ್ ಬಿಚ್ಚಿ ಆರಾಮಾಗಿ ಇಳಿದ. ಮುಂದಿನ ವರ್ಷದಿಂದ ಓಡುವ ಪದ್ಧತಿಯೇ ನಿಂತಿತು.

ನನಗೆ ಮಾತ್ರ ಹೋದ ಡಿಸೆಂಬರ್‌ನ ಮೈಸೂರು ನೆನಪಾಯಿತು. ಬಾಡಿಗೆ ಕಾರಿನ ಹಿಂದಿನ ಸೀಟಿನ ಬೆಲ್ಟ್ ಬಕಲ್ ಹೊಸ ಸೀಟ್ ಕವರ್ ಕೆಳಗೆ ಹೂತುಹೋಗಿತ್ತು. ನಾನು ಕೈ ಹಾಕಿ ಹುಡುಕುತ್ತಿದ್ದರೆ ಡ್ರೈವರ್ ಮುಖ ಸಣ್ಣದು ಮಾಡಿಕೊಂಡು, "ನಾನು ಅಷ್ಟು ಕೆಟ್ಟದಾಗಿ ಓಡಿಸ್ತೀನಾ ಮೇಡಂ?" ಎಂದ. ನಾನು ಹುಡುಕುವುದನ್ನು ಬಿಟ್ಟುಬಿಟ್ಟೆ. ಚಿಕ್ಕವಳಿದ್ದಾಗ ಅಪ್ಪನ ಚೇತಕ್ ಮುಂದೆ ನಿಂತು, ಹಾರ್ನ್ ಒತ್ತುತ್ತಾ ಚಾಮುಂಡಿ ಬೆಟ್ಟ ಹತ್ತಿದವಳಲ್ವಾ ನಾನು! ಆ ಗಾಳಿಯ ಸುಖ ಈಗಲೂ ಬೇಕು ಅನ್ನಿಸುತ್ತೆ. ಮಗಳನ್ನು ಹಾಗೆ ನಿಲ್ಲಿಸುತ್ತೀಯಾ ಎಂದರೆ, ಊಹೂಂ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗಳು ತಾತನಿಗೆ ಇಡೀ ಕಥೆ ಹೇಳಿದಳು. ನಡೆದಿದ್ದು, ಬೆಲ್ಟು, ಕಂಬ, ಯಾವುದನ್ನೂ ಬಿಡಲಿಲ್ಲ. ಅಪ್ಪ ಗಮನವಿಟ್ಟು ಕೇಳಿ, "ಅಲ್ಲಿ ಪೊಲೀಸರು ನಿಂತಿದ್ರಾ ಪುಟ್ಟಿ?" ಎಂದರು.

"ಇಲ್ಲ ತಾತ."

"ಮತ್ತೆ ಯಾಕೆ ಹಾಕ್ಕೊಂಡ?"